ಬೇಕಾದಷ್ಟೇ ಗುಳಿಗೆ: ಯುಗಾದಿಯಿಂದ ನಮ್ಮ ಔಷಧಿ ಅಂಗಡಿಯಲ್ಲಿ ಆಗುವ ಬದಲಾವಣೆ

ಗಂಗಾವತಿ, ಕೊಪ್ಪಳ ಜಿಲ್ಲೆ

ಸಹಕಾರಿ ಔಷಧಿ ಅಂಗಡಿಯ ಸದಸ್ಯರಿಗೂ ಗ್ರಾಹಕ ಬಂಧುಗಳಿಗೂ ನಮಸ್ಕಾರ.

ಹೋದ ದೀಪಾವಳಿ ಹೊತ್ತಿಗೆ ನಮ್ಮ ಸದಸ್ಯೆಯೊಬ್ಬರು ಒಂದು ಬಿಸ್ಕಿಟ್ ಡಬ್ಬಿ ತಂದು ಕೌಂಟರ್ ಮೇಲೆ ಇಟ್ಟರು. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಗೋಡೆಯ ಮಾಡದಲ್ಲಿ ಸಿಕ್ಕಿತಂತೆ. ಅವರ ಮಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಡಬ್ಬಿಯ ತುಂಬಾ ಅವರ ಬಿಪಿ ಗುಳಿಗೆ, ಶುಗರ್ ಗುಳಿಗೆ, ನೋವಿನ ಗುಳಿಗೆ. ಒಂದೊಂದನ್ನೇ ತೆಗೆದು ಸಾಲಾಗಿ ಜೋಡಿಸಿದರು. ಎರಡು ಸ್ಟ್ರಿಪ್ ಒಡೆದೇ ಇರಲಿಲ್ಲ. ಇನ್ನು ಕೆಲವಕ್ಕೆ ತಾರೀಖು ಇರುವ ತುದಿಯೇ ಇರಲಿಲ್ಲ. ಕತ್ತರಿಸಿ ಕೊಟ್ಟವರು ನಾವೇ. "ಇದಕ್ಕೆಲ್ಲಾ ಎಷ್ಟ್ ರೊಕ್ಕ ಕೊಟ್ಟೇವೋ ಏನೋ ಅಣ್ಣಾರ, ಚೆಲ್ಲಾಕ ಮನಸ್ಸು ಬರವಲ್ದು" ಅಂದರು.

ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಡಬ್ಬಿಯಲ್ಲಿದ್ದದ್ದರಲ್ಲಿ ಬಹಳಷ್ಟು ನಾವು ಜಾಸ್ತಿ ಕೊಟ್ಟದ್ದೇ. ಒಂದು ಉದಾಹರಣೆ ನೋಡಿ. ಡೋಲೋ 650ರ ಒಂದು ಸ್ಟ್ರಿಪ್‌ನಲ್ಲಿ 15 ಗುಳಿಗೆ. ಜ್ವರಕ್ಕೆ ದಿನಕ್ಕೆ ಮೂರರಂತೆ ಮೂರು ದಿನ ಅಂತ ಡಾಕ್ಟರು ಬರೆದರೆ ಬೇಕಾಗೋದು 9. ಉಳಿದ 6 ಮನೆಯ ಡಬ್ಬಿಗೆ ಹೋಗುತ್ತವೆ. ಮುಂದಿನ ಜ್ವರಕ್ಕೆ ಅದರ ನೆನಪೇ ಇರಲ್ಲ, ಮತ್ತೊಂದು ಸ್ಟ್ರಿಪ್ ಬರುತ್ತದೆ. ಜನ ಔಷಧಿ ಹಾಳು ಮಾಡ್ತಾರೆ ಅಂತ ದೂರುವುದು ಸುಲಭ. ಆದರೆ ಹಾಳಾಗುವುದು ಶುರುವಾಗುವುದೇ ನಮ್ಮ ಕೌಂಟರ್‌ನಲ್ಲಿ, ಅಲ್ವಾ?

ಆಮೇಲೆ ಅಂಗಡಿಗೆ ಬಂದವರನ್ನೆಲ್ಲ ಮಾತಿಗೆ ಎಳೆದೆವು. ಮನೆಯಲ್ಲಿ ಉಳಿದ ಔಷಧಿ ಏನು ಮಾಡ್ತೀರಿ, ಉಳಿಯದ ಹಾಗೆ ನೋಡಿಕೊಳ್ಳಬೇಕು ಅಂತ ಯಾವಾಗ ಅನ್ನಿಸುತ್ತದೆ ಅಂತ ಕೇಳಿದೆವು. ಮೊದಲ ಮಾತು ರೊಕ್ಕದ್ದು. ಕೂಲಿ ದುಡ್ಡಲ್ಲಿ ತಂದ ಗುಳಿಗೆ ಕಸಕ್ಕೆ ಹಾಕುವುದೆಂದರೆ ಯಾರಿಗೂ ಹೊಟ್ಟೆ ಉರಿಯುತ್ತದೆ. ವಯಸ್ಸಾದವರು ಬೇರೆ ರೀತಿ ಹೇಳಿದರು: ಅದು ಅನ್ನ ಇದ್ದ ಹಾಗೆ, ಚೆಲ್ಲಬಾರದು, ಯಾರಿಗಾದರೂ ಆದೀತು ಅಂತ ಇಡ್ತೀವಿ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ರೊಕ್ಕಕ್ಕಿಂತ ಭಯ ದೊಡ್ಡದು. ಕೆಂಪು, ಗುಲಾಬಿ ಬಣ್ಣದ ಗುಳಿಗೆ ಮಗುವಿನ ಕಣ್ಣಿಗೆ ಪೆಪ್ಪರಮಿಂಟೇ. ತುಂಗಭದ್ರೆಯ ಮಾತು ಬಂದದ್ದು ಕೊನೆಗೆ. ಆದರೆ ಬಂದಾಗ ಎಲ್ಲರೂ ಸುಮ್ಮನಾದರು. ಚರಂಡಿಗೆ ಸುರಿದ ಔಷಧಿ ಮಾಯವಾಗಲ್ಲ. ನಾವು ಕುಡಿಯುವುದೂ ಅದೇ ಹೊಳೆಯ ನೀರು, ಭತ್ತದ ಗದ್ದೆಗೆ ಬಿಡುವುದೂ ಅದೇ ನೀರು.

ಅಂದರೆ ಮನಸ್ಸು ಎಲ್ಲರಿಗೂ ಇದೆ, ದಾರಿ ಇರಲಿಲ್ಲ. ಅದಕ್ಕೇ ಆಡಳಿತ ಮಂಡಳಿ ಕೂತು ಈ ತೀರ್ಮಾನ ಮಾಡಿದೆ.

ಯುಗಾದಿಯಿಂದ ಚೀಟಿಯಲ್ಲಿ ಎಷ್ಟು ದಿನಕ್ಕೆ ಬರೆದಿದೆಯೋ ಅಷ್ಟೇ ಗುಳಿಗೆ ಎಣಿಸಿ ಕೊಡುತ್ತೇವೆ. ಪೂರ್ತಿ ಸ್ಟ್ರಿಪ್ ತಗೊಳ್ಳಿ ಅಂತ ಯಾರೂ ಒತ್ತಾಯ ಮಾಡಲ್ಲ. ತಾರೀಖು ಇರುವ ತುದಿ ಕೊನೆಯವರೆಗೂ ಉಳಿಯುವ ಹಾಗೆ ಕತ್ತರಿಸುತ್ತೇವೆ. ಕತ್ತರಿಸಿದ ತುಂಡನ್ನು ಸಣ್ಣ ಕಾಗದದ ಕವರ್‌ಗೆ ಹಾಕಿ, ಔಷಧಿಯ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಯಾವ ಹೊತ್ತಿಗೆ ಎಷ್ಟು ಅನ್ನುವುದನ್ನು ಕನ್ನಡದಲ್ಲಿ ಬರೆದು ಕೊಡುತ್ತೇವೆ. ಇದಕ್ಕೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಸಂಜೆ ಗದ್ದಲದಲ್ಲಿ ನೀವು ಕಾಯಬೇಕಾಗಬಹುದು, ದಯವಿಟ್ಟು ಸಹಿಸಿಕೊಳ್ಳಿ.

ಬಿಪಿ, ಶುಗರ್‌ಗೆ ಹೊಸ ಗುಳಿಗೆ ಶುರುವಾದರೆ ಮೊದಲು 10 ದಿನಕ್ಕೆ ಮಾತ್ರ ತಗೊಂಡು ಹೋಗಿ. ಎಷ್ಟೋ ಸಲ ಅದು ಒಗ್ಗುವುದಿಲ್ಲ, ಇಲ್ಲವೇ ಡಾಕ್ಟರು ಪವರ್ ಬದಲಿಸುತ್ತಾರೆ. ಒಗ್ಗಿದ ಮೇಲೆ ತಿಂಗಳಿಗಾಗುವಷ್ಟು ಕೊಡುತ್ತೇವೆ.

ಆಂಟಿಬಯೋಟಿಕ್ ಮಾತು ಬೇರೆ. ಸ್ಟ್ರಿಪ್ ಹಿಂದೆ ಕೆಂಪು ಗೆರೆ ಇರುವ ಗುಳಿಗೆಗಳನ್ನು ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದು, ಆಂಟಿಬಯೋಟಿಕ್ ಬರುವುದು ಈ ಗುಂಪಿನಲ್ಲೇ. ಇದನ್ನು "ಎರಡು ದಿನಕ್ಕೆ ಕೊಡಿ, ಆಮೇಲೆ ನೋಡೋಣ" ಅಂದರೆ ಕೊಡುವುದಿಲ್ಲ. ಡಾಕ್ಟರು ಬರೆದಷ್ಟೂ ದಿನಕ್ಕೆ ಒಟ್ಟಿಗೇ ಕೊಡುತ್ತೇವೆ, ನೀವೂ ಅಷ್ಟನ್ನೂ ಮುಗಿಸಿ. ಜ್ವರ ಇಳಿಯಿತು ಅಂತ ನಡುವೆ ಬಿಟ್ಟು, ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಡುವುದು ಉಪಕಾರ ಅಲ್ಲ.

ಇನ್ನೊಂದು ಬದಲಾವಣೆ ನಿಮಗೆ ಬೇಸರ ತರಬಹುದು. ಇಷ್ಟು ದಿನ ಉಳಿದ ಸ್ಟ್ರಿಪ್ ತಂದರೆ ವಾಪಸ್ ತಗೊಂಡು ರೊಕ್ಕ ಕೊಡುತ್ತಿದ್ದೆವು. ಇನ್ನು ಮೇಲೆ ಕೊಡಲು ಆಗಲ್ಲ. ಕಾರಣ ನಮ್ಮ ಬಿಸಿಲು. ಬಹಳಷ್ಟು ಔಷಧಿಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕಡಿಮೆ ಇರುವ ಜಾಗದಲ್ಲಿ ಇಡಿ ಅಂತ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ದಾಟುತ್ತದೆ. ತಗಡಿನ ಮನೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ ಇನ್ನೂ ಜಾಸ್ತಿ. ಅಲ್ಲಿದ್ದು ಬಂದ ಗುಳಿಗೆ ನೋಡಲು ಹೊಸದರಂತೆಯೇ ಇರುತ್ತದೆ, ಒಳಗೆ ಕಸುವು ಉಳಿದಿದೆಯೋ ಇಲ್ಲವೋ ಹೇಳಲು ಬರಲ್ಲ. ಅದನ್ನು ಇನ್ನೊಬ್ಬರ ಅವ್ವನಿಗೆ ಮಾರಲು ನಮಗೆ ಧೈರ್ಯವಿಲ್ಲ.

ಇದೇ ಕಾರಣಕ್ಕೆ ಇನ್ಸುಲಿನ್ ಬಗ್ಗೆ ಒಂದು ಮಾತು. ಬಳಸಲು ಶುರು ಮಾಡದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಲಿ, ಫ್ರೀಜರ್‌ನಲ್ಲಿ ಬೇಡ. ಫ್ರಿಜ್ ಇಲ್ಲದವರು ಬಾಟಲಿಯನ್ನು ನೀರು ತಾಗದ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ನೆರಳಲ್ಲಿ ಇಡಿ. ಒಮ್ಮೆಗೆ ಒಂದೇ ಬಾಟಲಿ ಒಯ್ಯಿರಿ. ಕಣ್ಣಿನ ಹನಿ ಸಾಮಾನ್ಯವಾಗಿ ತೆರೆದ ಒಂದು ತಿಂಗಳಿಗೆ ಮುಗಿಯಿತು ಅಂತಲೇ ತಿಳಿಯಿರಿ. ತೆರೆದ ದಿನವನ್ನು ಬಾಟಲಿ ಮೇಲೆ ಬರೆಯಲು ಕೌಂಟರ್‌ನಲ್ಲೇ ಪೆನ್ನು ಇಟ್ಟಿದ್ದೇವೆ.

ಹಾಗಾದರೆ ಮನೆಯಲ್ಲಿ ಈಗಾಗಲೇ ಉಳಿದಿರುವುದನ್ನು ಏನು ಮಾಡೋದು? ಅಂಗಡಿ ಬಾಗಿಲ ಬಳಿ ಬೀಗ ಹಾಕಿದ ಹಳದಿ ಡಬ್ಬಿ ಇಡುತ್ತಿದ್ದೇವೆ. ಗುಳಿಗೆ, ಟಾನಿಕ್, ಮುಲಾಮು ತಂದು ಹಾಕಿ. ಸೂಜಿ ಹಾಕಬೇಡಿ, ತೆಗೆಯುವವರ ಕೈಗೆ ಚುಚ್ಚುತ್ತದೆ. ಇದು ಮಾರಾಟಕ್ಕೂ ಹೋಗಲ್ಲ, ದಾನಕ್ಕೂ ಹೋಗಲ್ಲ. ಅಂಗಡಿಯ ಎಕ್ಸ್‌ಪೈರಿ ಔಷಧಿಯ ಜೊತೆಗೇ ಸುಡಲು ಕಳಿಸುತ್ತೇವೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಎಕ್ಸ್‌ಪೈರಿ ಆದ ಔಷಧಿಯನ್ನು ಮನೆಯ ಅಪಾಯಕಾರಿ ಕಸದ ಸಾಲಿಗೆ ಸೇರಿಸಿದ್ದರು. ಕೇರಳದಲ್ಲಂತೂ 2025ರಲ್ಲಿ ಸರ್ಕಾರವೇ ಕೋಳಿಕ್ಕೋಡ್‌ನಿಂದ ಹಳೆ ಔಷಧಿ ಸಂಗ್ರಹ ಶುರು ಮಾಡಿತು. ಅವರಿಗೆ ಆಗುವುದು ನಮ್ಮ ಊರಿಗೂ ಆಗಬೇಕು ಅನ್ನುವುದು ನಮ್ಮ ಆಸೆ.

ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಉಳಿದಿದ್ದರೆ ಮಾತ್ರ ಡಬ್ಬಿಗೆ ಹಾಕುವ ಮೊದಲು ನಮ್ಮನ್ನು ಕೇಳಿ. ಮನೆಯಲ್ಲಿ ಬೇರೆ ಯಾರಾದರೂ ತಪ್ಪಿ ಬಳಸಿದರೆ ಒಂದೇ ಡೋಸಿಗೆ ಜೀವ ಹೋಗಬಹುದಾದಂಥವು ಅವು.

ಬಿಸ್ಕಿಟ್ ಡಬ್ಬಿ ತಂದ ಅಕ್ಕ ಮೊನ್ನೆ ಮತ್ತೆ ಬಂದಿದ್ದರು. ಅತ್ತೆಯವರ ಬಿಪಿ ಗುಳಿಗೆ ಮನೆಯಲ್ಲಿ 8 ಉಳಿದಿವೆ ಅಂತ ಎಣಿಸಿಕೊಂಡು ಬಂದು, 22 ಮಾತ್ರ ಕೇಳಿದರು. ನೀವೂ ಬರುವಾಗ ಹಾಗೆ ಎಣಿಸಿಕೊಂಡು ಬನ್ನಿ, ಇಲ್ಲವೇ ಉಳಿದದ್ದರ ಫೋಟೋ ತೆಗೆದುಕೊಂಡು ಬನ್ನಿ. ಯುಗಾದಿಗೆ ಸುಣ್ಣ ಬಳಿಯಲು ಸಾಮಾನು ಇಳಿಸುವಾಗ ಮಾಡದಲ್ಲಿರುವ ಡಬ್ಬಿಯನ್ನೂ ಇಳಿಸಿ. ನಡೆಯಲಾಗದ ಹಿರಿಯರಿದ್ದರೆ ಅಂಗಡಿಯಲ್ಲಿ ಹೇಳಿ ಹೋಗಿ. ನಮ್ಮ ಹುಡುಗರು ಮನೆಗೇ ಬಂದು, ಪಕ್ಕದಲ್ಲಿ ಕೂತು, ಯಾವುದು ಇಡಬೇಕು ಯಾವುದು ಬೇಡ ಅಂತ ನೋಡಿ ಹೇಳುತ್ತಾರೆ.

ಇಂತಿ ನಿಮ್ಮ,
ಕಾರ್ಯದರ್ಶಿ ಮತ್ತು ಸಿಬ್ಬಂದಿ