ಜೇಬಿನಲ್ಲಿದ್ದ ಬೆಂಕಿಕಡ್ಡಿ

ಚಿ. ರಘುವಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕಾಗದದ ಕೊನೆಗೆ ತಮಾಷೆಗೆಂಬಂತೆ ಒಂದು ಸಾಲು ಬರೆದಿದ್ದೀಯ: ‘ಕರೆಂಟ್ ಹೋಗಿತ್ತು, ಸಿಕ್ಕಿಕೊಂಡಿದ್ದ ಚಕ್ಕೆ ತೆಗೆಯುತ್ತಿದ್ದೆ, ಗರಗಸ ತಾನಾಗಿಯೇ ತಿರುಗಿತು, ಕೈ ಎಳೆದುಕೊಂಡೆ.’ ಮೂರು ಸಲ ಓದಿದೆ. ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಹಿಟ್ಟಿನ ಗಿರಣಿಯ ಹುಡುಗನ ಬೆರಳುಗಳಿಗೆ ಪೆಟ್ಟಾದ ಸಂಗತಿ ಮನೆಯವರಿಗೆಲ್ಲ ಗೊತ್ತು. ಬೆಂಕಿಕಡ್ಡಿಯದು ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ವೋಲ್ಟೇಜ್ ಕುಸಿದಾಗಲೆಲ್ಲ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಗುರುಗುಟ್ಟಿ ಟ್ರಿಪ್ ಆಗುತ್ತಿತ್ತು. ಹಿಟ್ಟು ಮೆತ್ತಿದ ಕೈಯಲ್ಲಿ ಮತ್ತೆ ಮತ್ತೆ ಎದ್ದು ಹೋಗಿ ಹಸಿರು ಗುಂಡಿ ಒತ್ತುವುದಕ್ಕೆ ನನಗೆ ಸೋಮಾರಿತನ. ಗುಂಡಿಯನ್ನು ಒತ್ತಿ ಹಿಡಿದು ಸಂದಿಗೆ ಒಂದು ಕಡ್ಡಿ ಸಿಕ್ಕಿಸಿದೆ. ಗುಂಡಿ ಒಳಗೇ ನಿಂತಿತು. ಅಂದು ಕರೆಂಟ್ ಹೋದಾಗ ಹುಡುಗ ಜಾರಿದ ಬೆಲ್ಟನ್ನು ಪುಲ್ಲಿಗೆ ಏರಿಸುತ್ತಿದ್ದ. ‘ಈಗಲೇ ಹಾಕಿಬಿಡು’ ಎಂದವನೂ ನಾನೇ. ಕರೆಂಟ್ ಬಂತು, ಯಾರೂ ಗುಂಡಿ ಮುಟ್ಟದೆಯೇ ಮೋಟಾರು ತಿರುಗಿತು. ಅಕ್ಕಿ ಬೀಸಿಸಲು ಬಂದವರೆಲ್ಲ ಅವನನ್ನು ಎತ್ತಿಕೊಳ್ಳುತ್ತಿದ್ದರೆ, ನಾನು ಮೊದಲು ಮಾಡಿದ್ದು ಆ ಕಡ್ಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದು.

ನಿನ್ನ ಮೆಷಿನ್‌ಗೆ ಇರುವುದು ಬರೀ ಗೋಡೆಯ ಸ್ವಿಚ್ ಇರಬೇಕು. ಕರೆಂಟ್ ಹೋದರೂ ಅದು ಆನ್ ಆಗಿಯೇ ಕೂತಿರುತ್ತದೆ. ಡಿಒಎಲ್ ಸ್ಟಾರ್ಟರ್, ಅಂದರೆ ಮೋಟಾರಿಗೆ ನೇರವಾಗಿ ಕರೆಂಟ್ ಕೊಡುವ ಗುಂಡಿಯ ಪೆಟ್ಟಿಗೆ, ಹಾಗಲ್ಲ; ಅದನ್ನು ಹಾಕಿಸು. ಕರೆಂಟ್ ಇರುವಷ್ಟು ಹೊತ್ತು ಒಳಗಿನ ಕಾಯಿಲ್ ಕಾಂಟ್ಯಾಕ್ಟನ್ನು ಎಳೆದು ಹಿಡಿದಿರುತ್ತದೆ, ಹೋದೊಡನೆ ಬಿಡುತ್ತದೆ; ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಮತ್ತೆ ಹಿಡಿಯುವುದಿಲ್ಲ. ಎಂಜಿನಿಯರಿಂಗ್ ಓದಿದವನಿಗೆ ನಾನು ಹೇಳುತ್ತಿದ್ದೇನೆ, ನಗಬೇಡ. ಭಾವ ತೋಟದ ಪಂಪ್‌ಸೆಟ್ಟಿನ ಹಳೆಯ ಸ್ಟಾರ್ಟರ್ ಕೊಡುತ್ತೇನೆಂದರೆ ಮಾತ್ರ ಬೇಡವೆನ್ನು. ಅದರಲ್ಲಿ ಆಟೋ ಇದೆ, ನಡುರಾತ್ರಿ ಕರೆಂಟ್ ಬಂದರೆ ಮೋಟಾರು ತಾನೇ ಓಡಲಿ ಎಂದು ಹಾಕಿಸಿದ್ದು. ಗರಗಸಕ್ಕೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಕೈ ಎಳೆದುಕೊಂಡೆ ಎಂದೆಯಲ್ಲ. ಆ ಹುಡುಗನೂ ಎಳೆದುಕೊಂಡಿದ್ದ.

ಮೋಟಾರು ಹೆಚ್ಚು ಕರೆಂಟ್ ಎಳೆದರೆ ಸ್ಟಾರ್ಟರನ್ನು ಬಿಡಿಸುವ ಓವರ್‌ಲೋಡ್ ರಿಲೇಯನ್ನು ಮೋಟಾರಿನ ತಗಡಿನ ಮೇಲೆ ಬರೆದಿರುವ ಆಂಪಿಯರ್‌ಗೆ ಹೊಂದಿಸಲು ಎಲೆಕ್ಟ್ರಿಷಿಯನ್‌ಗೆ ಹೇಳು. ಟ್ರಿಪ್ ಆದರೆ ಕೈಯಿಂದಲೇ ರಿಸೆಟ್ ಮಾಡುವಂತಿರಲಿ. ತಣ್ಣಗಾದ ಮೇಲೆ ತಾನೇ ಸರಿಹೋಗುವಂಥದ್ದು ಬೇಡ. ಸ್ಟಾರ್ಟರ್ ಬಂದಮೇಲೂ ಬ್ಲೇಡಿನ ಹತ್ತಿರ ಕೈ ಹಾಕುವ ಮುಂಚೆ ಪ್ಲಗ್ ಕೀಳು. ಇದನ್ನು ಎರಡು ಸಲ ಹೇಳಿದೆನೆಂದುಕೋ.

ಎಲ್ಲ ಆದಮೇಲೆ ಬ್ಲೇಡ್ ಬಿಚ್ಚಿಟ್ಟು ಮೋಟಾರು ಓಡಿಸು. ಓಡುತ್ತಿರುವಾಗಲೇ ಮೇನ್ ಆಫ್ ಮಾಡು, ಪೂರ್ತಿ ನಿಂತಮೇಲೆ ಮತ್ತೆ ಆನ್ ಮಾಡು. ಸುಮ್ಮನಿತ್ತೇ ಎಂದು ಒಂದು ಕಾರ್ಡ್ ಬರೆ. ಫೋನ್ ಮಾಡಿದರೆ ನಿನ್ನ ಅತ್ತೆ ಎತ್ತಿಕೊಳ್ಳುತ್ತಾಳೆ, ಅವಳಿಗೆ ಕಡ್ಡಿಯ ಸಂಗತಿಯನ್ನು ನಾನಿನ್ನೂ ಹೇಳಿಲ್ಲ.

ನಿನ್ನ ಮಾವ