‘ಜನ್ಮ ದಿನಾಂಕ’ ಅನ್ನೋ ಕಾಲಂ

ಪ್ರೀತಿಯ ಗೆಳೆಯಾ,

ಈ ಸಲ ಹೂಮಳೆ ಹದವಾಗಿ ಬಂತು. ವಿರಾಜಪೇಟೆಯಿಂದ ಗೋಣಿಕೊಪ್ಪದವರೆಗೆ ರಸ್ತೆಯ ಎರಡೂ ಬದಿ ರೋಬಸ್ಟಾ ಕಾಫಿ ಬೆಳ್ಳಗೆ ಅರಳಿದೆ. 23 ವರ್ಷದಲ್ಲಿ ಮೊದಲ ಸಲ ಈ ಹೂವನ್ನ ಬಸ್ಸಿನ ಕಿಟಕಿಯಿಂದ ನೋಡ್ತಿದ್ದೀನಿ. ತೋಟ ಮಾರಾಟವಾದದ್ದು ನಿನಗೆ ಗೊತ್ತಲ್ಲ. ಹೊಸ ಮಾಲೀಕರು ಕಾಟೇಜ್ ಕಟ್ಟಿಸ್ತಾರಂತೆ, ಆಳು, ಲೆಕ್ಕ ನೋಡಿಕೊಳ್ಳೋ ನನ್ನಂಥ ರೈಟರ್ ಬೇಡವಂತೆ.

ಕೆಲಸ ಹುಡುಕೋಕೆ ಹೊರಟ ಮೇಲೆ ಗೊತ್ತಾಯ್ತು ನೋಡು, ನಾನು ಮುದುಕ ಅಂತ. ಒಂದು ರೆಸಾರ್ಟ್‌ನವರು ಫೋನಲ್ಲೇ ‘ನಮ್ಮದು ಯಂಗ್ ಟೀಮ್ ಸರ್’ ಅಂದು ಮುಗಿಸಿದರು. ಹೋಗಲಿ, ಅದು ನನ್ನ ಜಾಗವೂ ಅಲ್ಲ. ಹೊಟ್ಟೆ ಉರಿದದ್ದು ಕುಶಾಲನಗರದ ಕಡೆಯ, ಕಾಫಿ ಬೀಜ ಸಂಸ್ಕರಿಸೋ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಸಂದರ್ಶನ ಮಾಡಿದ ಹುಡುಗನಿಗೆ ನನ್ನ ಮಗಳಿಗಿಂತ ಎರಡು ವರ್ಷ ಹೆಚ್ಚಿರಬಹುದು. ಮೇಜಿನ ಮೇಲೆ ಸ್ಯಾಂಪಲ್ ತಟ್ಟೆ ಇತ್ತು. ಕೈ ಸುಮ್ಮನಿರಲಿಲ್ಲ, ಒಂದು ಬೀಜ ತೆಗೆದು ಹಲ್ಲಿಗೆ ಕೊಟ್ಟೆ. ಕಟ್ ಅನ್ನಲಿಲ್ಲ, ಮೆತ್ತಗೆ ಅದುಮಿತು. ‘ಇದಿನ್ನೂ ಎರಡು ಬಿಸಿಲು ಕಾಣಬೇಕು’ ಅಂದೆ. ಅವನು ತೇವಾಂಶ ಮಾಪಕದಲ್ಲಿ ಹಾಕಿ ನೋಡಿ, ನನ್ನ ಮುಖ ನೋಡಿ, ನಕ್ಕ. ಕೆಲಸ ಸಿಕ್ಕೇಬಿಡ್ತು ಅಂದುಕೊಂಡೆ. ಆಮೇಲೆ ಅರ್ಜಿ ತಿರುವಿದ. ಜನ್ಮ ದಿನಾಂಕದ ಹತ್ತಿರ ಬೆರಳು ನಿಂತಿತು. ‘ಸರ್, 53? ನಾವು 35ರ ಒಳಗಿನವರನ್ನ ನೋಡ್ತಿದ್ದೀವಿ. ನಿಮಗೇ ಕಷ್ಟ ಆಗುತ್ತೆ.’ ನನ್ನ ಕಷ್ಟದ ಬಗ್ಗೆ ಅವನಿಗೆಷ್ಟು ಕಾಳಜಿ!

ತಮಾಷೆ ಕೇಳು. ಕಳೆದ ವಾರ ಅವನದೇ ಫೋನು. ಯಾರದೋ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಕಾಯಿ) ಲಾಟ್‌ನಲ್ಲಿ 50 ಕೆಜಿ ಚೀಲಕ್ಕೆ 24 ಕೆಜಿ ಬೀಜವೂ ಬೀಳ್ತಿಲ್ಲ, ಬೆಳೆಗಾರ ಜಗಳಕ್ಕೆ ನಿಂತಿದ್ದಾನೆ, ಏನ್ಮಾಡೋದು ಅಂತ. ಕಾಯಿಕೊರಕ ಹುಳು ತಿಂದದ್ದು ಎಷ್ಟಿದೆ, ಜಳ್ಳು ಎಷ್ಟಿದೆ ಬೇರೆ ಬೇರೆ ತೂಗಿ ಬೆಳೆಗಾರನ ಕಣ್ಣೆದುರೇ ತೋರಿಸು ಅಂತ ಅರ್ಧ ಗಂಟೆ ಹೇಳಿಕೊಟ್ಟೆ. ಇವಳು ಒಳಗಿಂದ ‘ಬಿಲ್ ಕಳಿಸಿ’ ಅಂದಳು.

ಮೈಸೂರಲ್ಲಿ ಲಾ ಓದ್ತಿರೋ ಮಗಳ ಹತ್ತಿರ ಗೊಣಗಿದೆ. ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ಭೇದ ಮಾಡಬಾರದು ಅನ್ನುತ್ತೆ, ಆ ಪಟ್ಟಿಯಲ್ಲಿ ವಯಸ್ಸಿಲ್ಲ ಅಂದಳು. ಖಾಸಗಿಯವರನ್ನಂತೂ ಕೇಳೋ ಹಾಗೇ ಇಲ್ಲ. ಅಮೆರಿಕದಲ್ಲಿ 40 ದಾಟಿದವರಿಗಾಗಿ 1967ರಲ್ಲೇ ಕಾನೂನು ಬಂದಿದೆಯಂತೆ. ಇಲ್ಲಿ ಪಿಎಫ್ ಪೂರ್ತಿ ಪೆನ್ಷನ್‌ಗೆ 58 ತುಂಬಬೇಕು. ನಡುವಿನ ಐದು ವರ್ಷ ನನ್ನನ್ನ ಯಾವ ಗೋದಾಮಿನಲ್ಲಿಡ್ತಾರೋ.

ಇನ್ನೊಂದು ವಿಷಯ ಇವಳಿಗೂ ಹೇಳಿಲ್ಲ, ನಿನಗೆ ಹೇಳ್ತೀನಿ. ಹತ್ತು ಹನ್ನೆರಡು ವರ್ಷದ ಹಿಂದೆ ಮೆಣಸು ಕೊಯ್ಲಿಗೆ ಆಳು ತಗೊಳ್ತಿದ್ದೆ. ಸಾಲಿನಲ್ಲಿ ಒಬ್ಬ ತಲೆ ನರೆತವನಿದ್ದ. ಬಳ್ಳಿ ಹಬ್ಬಿದ ಸಿಲ್ವರ್ ಓಕ್‌ಗೆ ಒಂಟಿ ಬಿದಿರಿನ ಏಣಿ ಹಾಕಿ ಹತ್ತೋ ಕೆಲಸ, ನಿನಗೇ ಗೊತ್ತು. ನಾನು ಅವನ ಕೈಕಾಲು ನೋಡಲಿಲ್ಲ, ಕೂದಲಷ್ಟೇ ನೋಡಿದೆ. ‘ನಿನಗೇ ಕಷ್ಟ ಆಗುತ್ತೆ ಅಜ್ಜ, ಹೋಗು’ ಅಂದೆ. ‘ಏಣಿ ಕೊಡಿ ಸಾಮಿ, ಹತ್ತಿ ತೋರಿಸ್ತೀನಿ’ ಅಂದ. ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಏಣಿ ಅಲ್ಲೇ ಗೋಡೆಗೆ ಒರಗಿಕೊಂಡಿತ್ತು.

ಇಂತಿ,
ನಿನ್ನ ಗೆಳೆಯ