ಹಳೆಯ ಕಂಪ್ಯೂಟರ್‌ನ ಗಡಿಯಾರವೂ ಸುರಕ್ಷಿತ ಲಾಗಿನ್ನೂ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ, ಹೊಸ ಯಂತ್ರ ಕೊಳ್ಳುವ ಬದಲು ಇರುವ ಕಂಪ್ಯೂಟರ್‌ಗೇ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಸಿಕೊಳ್ಳುವವರು ನಮ್ಮ ಗೋಣಿಕೊಪ್ಪಲು, ಪೊನ್ನಂಪೇಟೆ ಕಡೆ ಕಾಣಸಿಗುತ್ತಿದ್ದಾರೆ. ಹೀಗೆ ಲಿನಕ್ಸ್‌ಗೆ ಬಂದ ವಿದ್ಯಾರ್ಥಿಗಳಲ್ಲಿ ಕೆಲವರು, ತೊಡಕು ಎದುರಾದಾಗ ಬಲ್ಲವರನ್ನು ನೇರವಾಗಿ ಕೇಳಲು ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆಯನ್ನು ಬಳಸತೊಡಗಿದ್ದಾರೆ. ಇದು ಸಂತೋಷದ ವಿಷಯವೇ. ಆದರೆ ಅದರ ತಂತ್ರಾಂಶವನ್ನು ಅಳವಡಿಸುವಾಗ ಎದುರಿನ ಸರ್ವರ್ ಅಸಲಿಯೇ ಎಂಬ ಪರಿಶೀಲನೆಯನ್ನು ಕೈಬಿಟ್ಟು ಲಾಗಿನ್ನಿನ ಭದ್ರತೆಯನ್ನೇ ಕೆಡಿಸುವ ಒಂದು ಅಡ್ಡದಾರಿ ರೂಢಿಗೆ ಬರುತ್ತಿದ್ದು, ಅದನ್ನು ತಮ್ಮ ಪತ್ರಿಕೆಯ ಮೂಲಕ ಶಾಲಾ ಕಾಲೇಜುಗಳ ಗಮನಕ್ಕೆ ತರಬಯಸುತ್ತೇನೆ.

ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಯಾರ್ಕೊ ಓಯಿಕರಿನೆನ್ ರೂಪಿಸಿದ ಐಆರ್‌ಸಿಯಲ್ಲಿ ಒಂದು ಸಂದೇಶಕ್ಕೆ 512 ಬೈಟ್‌ಗಳ ಮಿತಿಯಿದೆ. ಚಿತ್ರವಿಲ್ಲ, ವಿಡಿಯೊ ಇಲ್ಲ. ಮಳೆಗಾಲದಲ್ಲಿ ಟವರ್‌ನ ಸಿಗ್ನಲ್ ಬಂದು ಹೋಗಿ ಮಾಡುವ ಕೊಡಗಿನಂಥ ಜಿಲ್ಲೆಗೆ ಈ ಮಿತವ್ಯಯವೇ ಅನುಕೂಲ.

ಐಆರ್‌ಸಿಯ ಹಳೆಯ ಪದ್ಧತಿಯಲ್ಲಿ ಬಳಕೆದಾರನು ಮೊದಲು ಸರ್ವರ್‌ಗೆ ಸೇರಿ, ಆಮೇಲೆ ನಿಕ್‌ಸರ್ವ್ ಎಂಬ ಸೇವೆಗೆ ಪಾಸ್‌ವರ್ಡ್ ಕಳಿಸಿ ತನ್ನ ಹೆಸರನ್ನು ದೃಢಪಡಿಸಬೇಕಿತ್ತು. ಸರ್ವರ್‌ನ ಗೂಢಲಿಪಿಯಿಲ್ಲದ ಬಾಗಿಲಾದ 6667ನೇ ಪೋರ್ಟಿನಲ್ಲಿ ಹೀಗೆ ಮಾಡಿದರೆ ಪಾಸ್‌ವರ್ಡ್ ದಾರಿಯುದ್ದಕ್ಕೂ ತೆರೆದೇ ಸಾಗುತ್ತದೆ. ಈಗ ಲಿಬೆರಾ ಚಾಟ್‌ನಂಥ ಜಾಲಗಳಲ್ಲಿ 6697ನೇ ಪೋರ್ಟಿನ ಮೂಲಕ ಟಿಎಲ್‌ಎಸ್ ರಕ್ಷಣೆಯುಳ್ಳ, ಅಂದರೆ ಗೂಢಲಿಪಿಯಲ್ಲಿ ಸಾಗುವ ಸಂಪರ್ಕ ಪಡೆದು, ಯಾವ ಚಾನೆಲ್ (ಚಾಟ್ ಕೋಣೆ) ಸೇರುವುದಕ್ಕೂ ಮೊದಲೇ, ಸಂಪರ್ಕದ ಹಂತದಲ್ಲಿಯೇ ಎಸ್‌ಎಎಸ್‌ಎಲ್ ಎಂಬ, ಗುರುತು ದೃಢಪಡಿಸುವ ವಿಧಾನದಿಂದ ಲಾಗಿನ್ ಆಗಬಹುದು. ಹೆಕ್ಸ್‌ಚಾಟ್, ವೀಚಾಟ್ (WeeChat; ಚೀನಾದ WeChat ಅಲ್ಲ), ಇರ್ಸಿ ಎಂಬ ಈ ಮೂರು ಐಆರ್‌ಸಿ ತಂತ್ರಾಂಶಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಹೆಕ್ಸ್‌ಚಾಟ್‌ನ ಅಭಿವೃದ್ಧಿ 2024ರ ಫೆಬ್ರವರಿಯ ಆವೃತ್ತಿಯೊಂದಿಗೆ ನಿಂತಿರುವುದರಿಂದ ಹೊಸದಾಗಿ ಕಲಿಯುವವರಿಗೆ ವೀಚಾಟ್ ವಾಸಿಯೆಂಬುದು ನನ್ನ ಅಭಿಪ್ರಾಯ.

ಹೆಚ್ಚಿನವರು ಬಳಸುವುದು ಎಸ್‌ಎಎಸ್‌ಎಲ್‌ನ 'ಪ್ಲೇನ್' ಬಗೆಯನ್ನು. ಅದರಲ್ಲಿ ಪಾಸ್‌ವರ್ಡ್ ಬೇಸ್64 ರೂಪಕ್ಕೆ ಬದಲಾಗುತ್ತದೆಯೇ ಹೊರತು ಗೂಢಲಿಪಿಯಾಗುವುದಿಲ್ಲ. ಕೈಗೆ ಸಿಕ್ಕಿದವರು ಯಾರೇ ಆದರೂ ಕ್ಷಣದಲ್ಲಿ ಬಿಡಿಸಿ ಓದಬಹುದು. ಅದನ್ನು ಕಾಯುವುದು ಟಿಎಲ್‌ಎಸ್ ಮಾತ್ರ, ಮತ್ತು ಟಿಎಲ್‌ಎಸ್ ಕಾಯುವುದು ಎದುರಿಗಿರುವ ಸರ್ವರ್‌ನ ಪ್ರಮಾಣಪತ್ರವನ್ನು, ಅಂದರೆ ಅದು ಅಸಲಿಯೆಂದು ತೋರಿಸುವ ಡಿಜಿಟಲ್ ಗುರುತುಚೀಟಿಯನ್ನು, ಪರಿಶೀಲಿಸಿದಾಗ ಮಾತ್ರ.

ತೊಂದರೆ ಹುಟ್ಟುವುದು ಇಲ್ಲಿಯೇ. ಪ್ರಮಾಣಪತ್ರದ ಅವಧಿಯನ್ನು ಪರಿಶೀಲಿಸಲು ಕಂಪ್ಯೂಟರ್ ತನ್ನ ಗಡಿಯಾರದ ದಿನಾಂಕವನ್ನೇ ನಂಬುತ್ತದೆ. ಹಳೆಯ ಕಂಪ್ಯೂಟರ್‌ಗಳ ಮದರ್‌ಬೋರ್ಡ್‌ನಲ್ಲಿ ಗಡಿಯಾರವನ್ನು ನಡೆಸುವ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಸತ್ತಿರುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಸರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟು ಎಷ್ಟು ಬಾರಿ ಹೋಗುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುತ್ತ ಬಂದಿರುವಂಥ ಪ್ರಮಾಣಪತ್ರಗಳ ಆಯಸ್ಸು 90 ದಿನ. ಹಾಗಾಗಿ ಗಡಿಯಾರ ನಾಲ್ಕು ತಿಂಗಳು ಹಿಂದಿದ್ದರೂ ಸಾಕು, ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿಲ್ಲವೆಂದು ಭಾವಿಸಿ ಕಂಪ್ಯೂಟರ್ ಸಂಪರ್ಕವನ್ನು ನಿರಾಕರಿಸುತ್ತದೆ. ಇಂಟರ್ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳುವ ಏರ್ಪಾಡು ಲಿನಕ್ಸ್‌ನಲ್ಲಿ ಇದೆಯಾದರೂ, ಲ್ಯಾಬಿನ ಫೈರ್‌ವಾಲ್ ಅದಕ್ಕೆ ಬೇಕಾದ 123ನೇ ಪೋರ್ಟನ್ನು ತಡೆದಿದ್ದರೆ ಅದು ಕೆಲಸಕ್ಕೆ ಬಾರದು. ಕಾರಣ ಹುಡುಕುವ ತಾಳ್ಮೆಯಿಲ್ಲದವರು ಆಗ ಮಾಡುವುದೇನೆಂದರೆ, ತಪ್ಪು ಪ್ರಮಾಣಪತ್ರವನ್ನೂ ಒಪ್ಪಿಕೊಳ್ಳುವಂತೆ ಹೆಕ್ಸ್‌ಚಾಟ್‌ನಲ್ಲಿ ಇರುವ ಚೌಕಕ್ಕೆ ಗುರುತು ಹಾಕಿಬಿಡುವುದು. ಲಾಗಿನ್ ಆಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಅದೇ ವೈಫೈನಲ್ಲಿ ಕುಳಿತು ಸರ್ವರ್‌ನ ಸೋಗು ಹಾಕಿದವನಿಗೆ ಪಾಸ್‌ವರ್ಡ್ ಅನಾಯಾಸವಾಗಿ ಸಿಗುತ್ತದೆ. ಆನೆಗೆಂದು ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸಿ, ಸ್ವಿಚ್ಚನ್ನು ಆರಿಸಿಟ್ಟಂತೆ ಇದು. ಇದನ್ನು ಮಕ್ಕಳು ತಾವಾಗಿ ಮಾಡಿದರೆ ಕ್ಷಮಿಸಬಹುದು. ಹೇಳಿಕೊಡುವವರೇ ಇದನ್ನು ಪರಿಹಾರವೆಂದು ತೋರಿಸುವುದು ಸರಿಯಲ್ಲ.

ಇನ್ನೊಂದು ವಿಷಯ. ಹೆಕ್ಸ್‌ಚಾಟ್ ಪಾಸ್‌ವರ್ಡನ್ನು ಬಳಕೆದಾರನ ಫೋಲ್ಡರ್‌ನೊಳಗೆ ಬರಿಗಣ್ಣಿಗೆ ಓದಲು ಬರುವಂತೆಯೇ ಉಳಿಸಿಡುತ್ತದೆ. ಲ್ಯಾಬಿನಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಂದೇ ಬಳಕೆದಾರ ಖಾತೆಯಲ್ಲಿ ಕೆಲಸ ಮಾಡುವುದಾದರೆ ಒಬ್ಬರದು ಇನ್ನೊಬ್ಬರಿಗೆ ಕಂಡೇ ಕಾಣುತ್ತದೆ. ವೀಚಾಟ್‌ನಲ್ಲಿ ಅದನ್ನು ಗೂಢಲಿಪಿಯಲ್ಲಿಡಲು ಸಾಧ್ಯ. ಇನ್ನೂ ಒಳ್ಳೆಯದು ಎಸ್‌ಎಎಸ್‌ಎಲ್‌ನ 'ಎಕ್ಸ್‌ಟರ್ನಲ್' ಬಗೆ: ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಿಂದ ತನ್ನದೇ ಗುಪ್ತ ಕೀಲಿ ಮತ್ತು ಪ್ರಮಾಣಪತ್ರ ತಯಾರಿಸಿಕೊಂಡು, ಪ್ರಮಾಣಪತ್ರದ ಬೆರಳಚ್ಚನ್ನು (ಅದನ್ನು ಗುರುತಿಸುವ ಕಿರು ಸಂಕೇತವನ್ನು) ನಿಕ್‌ಸರ್ವ್‌ನಲ್ಲಿ ನೋಂದಾಯಿಸಿದರೆ, ಮುಂದೆ ಲಾಗಿನ್ನಿಗಾಗಿ ಪಾಸ್‌ವರ್ಡನ್ನು ಕಳಿಸುವ ಅಗತ್ಯವೇ ಇರುವುದಿಲ್ಲ. ಕೀಲಿಯ ಕಡತಕ್ಕೆ 600 ಅನುಮತಿ ಕೊಟ್ಟು, ಒಡೆಯನ ಹೊರತು ಬೇರೆ ಬಳಕೆದಾರರು ಓದದಂತೆ ಮಾಡಬೇಕಷ್ಟೆ.

ಆದ್ದರಿಂದ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಮತ್ತು ಪೊನ್ನಂಪೇಟೆ ತಾಲ್ಲೂಕುಗಳ ಶಾಲಾ ಕಾಲೇಜುಗಳು ಮಳೆ ಹಿಡಿಯುವ ಮುನ್ನ ತಮ್ಮ ಲ್ಯಾಬಿನ ಕಂಪ್ಯೂಟರ್‌ಗಳ ಗಡಿಯಾರದ ಬ್ಯಾಟರಿಯನ್ನು ಬದಲಾಯಿಸಿ, ಸಮಯ ಸರಿಪಡಿಸುವ ಪೋರ್ಟನ್ನು ತೆರೆಯಿಸಿ, ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಬಳಕೆದಾರ ಖಾತೆ ಮಾಡಿಕೊಡಬೇಕೆಂದು ಕೋರುತ್ತೇನೆ. ಇದಕ್ಕೆ ಹೊರಗಿನ ಗುತ್ತಿಗೆದಾರರು ಬೇಕಿಲ್ಲ, ಲ್ಯಾಬ್ ನೋಡಿಕೊಳ್ಳುವವರೇ ಮಾಡಬಲ್ಲರು.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ತರಬೇತುದಾರ, ಗೋಣಿಕೊಪ್ಪಲು